ನೆನೆದ ಕಾಳು ಮೇಲಿರಲಿ

ಗಜೇಂದ್ರಗಡದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದು ನಿಮ್ಮದೇ ಮನೆಯಾಗಿರಲೂಬಹುದು. ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ದುಡಿಯುವ ಮಗ ನಾಲ್ಕು ದಿನಗಳ ಮಟ್ಟಿಗೆ ಊರಿಗೆ ಬಂದಿದ್ದಾನೆ. ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪಗಳನ್ನು ಬಿಟ್ಟರೆ ಊರೆಲ್ಲ ಕತ್ತಲು. ರಾತ್ರಿ ಎರಡು ಗಂಟೆಗೆ ಅವನ ಫೋನು ಕಿರುಚುತ್ತದೆ. ಅವನು ಥಟ್ಟನೆ ಎದ್ದು ಕುಳಿತು ಲ್ಯಾಪ್‌ಟಾಪ್ ತೆರೆಯುತ್ತಾನೆ. ಒಂದೂವರೆ ಗಂಟೆ ಯಾರೊಂದಿಗೋ ಮೆಲುದನಿಯಲ್ಲಿ ಮಾತನಾಡುತ್ತಾ ಏನೇನೋ ಸರಿಪಡಿಸುತ್ತಾನೆ. ಕೊನೆಗೆ ನಿಟ್ಟುಸಿರು ಬಿಡುತ್ತಾನೆ. ಆದರೆ ಮಲಗುವುದಿಲ್ಲ. ಪುನಃ ಕುಳಿತು ಬರೆಯತೊಡಗುತ್ತಾನೆ.

ತಹಜ್ಜುದ್‌ಗೆಂದು ಎದ್ದ ತಾಯಿ ಕೇಳುತ್ತಾಳೆ: "ಕೆಲಸ ಮುಗಿಯಿತಲ್ಲ, ಇನ್ನೇನು ಬರೆಯುತ್ತೀ?"

"ಏನಾಯಿತು, ಯಾಕಾಯಿತು ಎಂದು ಬರೆಯುತ್ತಿದ್ದೇನೆ ಅಮ್ಮೀ. ಸಂಜೆ ನಾನೇ ಮಾಡಿದ ಒಂದು ಬದಲಾವಣೆಯಿಂದ ಇದೆಲ್ಲ ಕೆಟ್ಟಿತು."

ತಾಯಿಯ ಎದೆ ಧಸಕ್ಕೆನ್ನುತ್ತದೆ. "ನಿನ್ನ ತಪ್ಪನ್ನು ನೀನೇ ಕೈಯಾರೆ ಬರೆದುಕೊಟ್ಟರೆ ನಾಳೆ ಕೆಲಸ ಉಳಿದೀತೇ?"

ತಾಯಿಯ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡಬೇಡಿ. ಅದು ಕೇವಲ ಒಂದು ನೌಕರಿಯ ಪ್ರಶ್ನೆಯಲ್ಲ. ತನ್ನಿಂದಾದ ತಪ್ಪನ್ನು, ಅದು ಸರಿಹೋದ ಮೇಲೂ, ಬರೆದಿಡುವ ಹೊಣೆ ಮನುಷ್ಯನಿಗೆ ಇದೆಯೇ? ಇದ್ದರೆ ಅದು ಯಾರಿಗೆ ಸಲ್ಲಬೇಕಾದ ಹಕ್ಕು? ಹಾಗೆ ಬರೆದವನೊಂದಿಗೆ ಉಳಿದವರು ಹೇಗೆ ವರ್ತಿಸಬೇಕು? ಈ ಮೂರು ಪ್ರಶ್ನೆಗಳ ಕುರಿತು ತುಸು ಆಲೋಚಿಸೋಣ.

ಕರೆಗೆ ಓಗೊಡುವವರು

ಮೊದಲು ಆ ಮಗನ ಕೆಲಸವೇನೆಂದು ತಿಳಿದುಕೊಳ್ಳಿ. ಇಂದು ಬ್ಯಾಂಕು, ರೈಲು ಟಿಕೆಟು, ಆಸ್ಪತ್ರೆಯ ದಾಖಲೆ, ಕಿರಾಣಿ ಅಂಗಡಿಯ ಫೋನ್ ಪಾವತಿ ಎಲ್ಲವೂ ಕಂಪ್ಯೂಟರ್‌ಗಳ ಮೇಲೆ ನಿಂತಿವೆ. ಅವು ಹಗಲು ರಾತ್ರಿ ನಡೆಯುತ್ತಿರಬೇಕು. ಆದ್ದರಿಂದ ತಂಡದ ಸದಸ್ಯರು ಸರದಿ ಹಾಕಿಕೊಳ್ಳುತ್ತಾರೆ. ಈ ವಾರ ಒಬ್ಬ, ಮುಂದಿನ ವಾರ ಮತ್ತೊಬ್ಬ. ಇದಕ್ಕೆ ಅವರು 'ಆನ್‌ಕಾಲ್' ಎನ್ನುತ್ತಾರೆ. ಸರದಿಯಲ್ಲಿರುವವನು ಎಲ್ಲೇ ಇರಲಿ, ಕರೆ ಬಂದೊಡನೆ ಎದ್ದು ನೋಡಲೇಬೇಕು. ನಮಗೆ ಇದು ಹೊಸತೇನಲ್ಲ. ಮಳೆಗಾಳಿಯಲ್ಲಿ ಕಂಬ ಹತ್ತುವ ಲೈನ್‌ಮನ್, ನಡುರಾತ್ರಿ ಎದ್ದು ಬರುತ್ತಿದ್ದ ಸೂಲಗಿತ್ತಿ, 2008ರ ನವೆಂಬರ್‌ನಿಂದ ಕರ್ನಾಟಕದಲ್ಲಿ ಓಡುತ್ತಿರುವ 108 ಆಂಬ್ಯುಲೆನ್ಸಿನ ಸಿಬ್ಬಂದಿ, ನವಿಲುತೀರ್ಥ ಅಣೆಕಟ್ಟಿನ ಗೇಟಿನ ಬಳಿ ಮಳೆಗಾಲವಿಡೀ ಎಚ್ಚರವಾಗಿರುವ ನೌಕರ ಇವರೆಲ್ಲರೂ ಇದೇ ಬಗೆಯ ಸರದಿಯವರೇ. ಇತರರು ನಿಶ್ಚಿಂತೆಯಿಂದ ಮಲಗಲೆಂದು ಒಬ್ಬ ಎಚ್ಚರವಾಗಿರುತ್ತಾನೆ. ಇದೊಂದು ಅಮಾನತು.

ಇದರ ವ್ಯಾಪ್ತಿ ಎಷ್ಟೆಂಬುದು 2024ರ ಜುಲೈ 19ರಂದು ಜಗತ್ತಿಗೆ ತಿಳಿಯಿತು. ಅಂದು ಭಾರತದ ಸಮಯ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಅಮೇರಿಕನ್ ಭದ್ರತಾ ಕಂಪೆನಿಯು ತನ್ನ ಗ್ರಾಹಕರ ಕಂಪ್ಯೂಟರ್‌ಗಳಿಗೆ ಒಂದು ಚಿಕ್ಕ ಕಡತವನ್ನು ರವಾನಿಸಿತು. ಅದರಲ್ಲಿ ದೋಷವಿತ್ತು. 78 ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡರೂ ಅಷ್ಟರಲ್ಲೇ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೆಲಕಚ್ಚಿದ್ದವು. ಅನೇಕ ದೇಶಗಳಲ್ಲಿ ವಿಮಾನಗಳು ನಿಂತವು, ಆಸ್ಪತ್ರೆಗಳ ಕೆಲಸ ಅಸ್ತವ್ಯಸ್ತವಾಯಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಸಿಬ್ಬಂದಿಯು ಪ್ರಯಾಣಿಕರಿಗೆ ಕೈಯಿಂದಲೇ ಬೋರ್ಡಿಂಗ್ ಪಾಸ್ ಬರೆದುಕೊಡಬೇಕಾಯಿತು. ಕಂಪೆನಿಯು ಮುಂದಿನ ತಿಂಗಳು ಪ್ರಕಟಿಸಿದ ವರದಿಯಲ್ಲಿ ಇದರ ಮೂಲವನ್ನು ಬಿಚ್ಚಿಟ್ಟಿತು. ಒಂದು ಕಡೆ 21 ಅಂಶಗಳನ್ನು ನಿರೀಕ್ಷಿಸಲಾಗಿತ್ತು, ಇನ್ನೊಂದು ಕಡೆಯಿಂದ ಬಂದದ್ದು 20 ಮಾತ್ರ. ಇಪ್ಪತ್ತಕ್ಕೂ ಇಪ್ಪತ್ತೊಂದಕ್ಕೂ ನಡುವಿನ ಒಂದು ಅಂಕಿಯಿಂದ ಅಷ್ಟೆಲ್ಲ ನಡೆದುಹೋಯಿತು. ಈ ಒಂದು ಅಂಕಿಯ ಸಂಗತಿ ನಮಗೆ ತಿಳಿದದ್ದಾದರೂ ಹೇಗೆ? ಯಾರೋ ಅದನ್ನು ಹುಡುಕಿ ಬರೆದರು ಎಂಬುದರಿಂದ.

ಬರಹ ಹೇಗಿರುತ್ತದೆ?

ಒಳ್ಳೆಯ ತಂಡಗಳಲ್ಲಿ ಅವಘಡ ನಡೆಯುತ್ತಿರುವಾಗಲೇ ಕೆಲಸಗಳನ್ನು ಹಂಚಿಕೊಳ್ಳುವ ಪದ್ಧತಿಯಿದೆ. ಒಬ್ಬ ನಾಯಕತ್ವ ವಹಿಸುತ್ತಾನೆ, ಒಬ್ಬ ದುರಸ್ತಿ ಮಾಡುತ್ತಾನೆ, ಒಬ್ಬ ಗ್ರಾಹಕರಿಗೆ ಸುದ್ದಿ ಮುಟ್ಟಿಸುತ್ತಾನೆ. ಇನ್ನೊಬ್ಬನ ಕೆಲಸ ಬರೆಯುವುದು ಮಾತ್ರ. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಏನು ಕಂಡುಬಂತು, ಯಾರು ಏನು ಮಾಡಿದರು, ಅದರಿಂದ ಏನಾಯಿತು ಎಂಬುದನ್ನು ಅವನು ಆಗಿಂದಾಗಲೇ ದಾಖಲಿಸುತ್ತಾನೆ. ಏಕೆಂದರೆ ಬೆಳಗಾಗುವಷ್ಟರಲ್ಲಿ ಮನುಷ್ಯನ ನೆನಪು ತನಗೆ ಅನುಕೂಲವಾದುದನ್ನು ಉಳಿಸಿಕೊಂಡು ಅನನುಕೂಲವಾದುದನ್ನು ಕೈಬಿಡುತ್ತದೆ.

ಎಲ್ಲವೂ ಶಾಂತವಾದ ಮೇಲೆ ಎರಡನೆಯ ಬರಹ. ಅದರಲ್ಲಿ ಯಾರಿಗೆ ಎಷ್ಟು ಹೊತ್ತು ತೊಂದರೆಯಾಯಿತು, ಏನು ನಷ್ಟವಾಯಿತು, ಯಾವ ಯಾವ ಪ್ರಯತ್ನಗಳು ವ್ಯರ್ಥವಾದವು ಎಂಬುದಿರುತ್ತದೆ. 'ಆಗ ನಮಗೆ ಏನು ತಿಳಿದಿತ್ತು' ಎಂಬುದನ್ನೂ 'ಈಗ ಏನು ತಿಳಿದಿದೆ' ಎಂಬುದನ್ನೂ ಬೇರ್ಪಡಿಸಿ ಬರೆಯಬೇಕು. ಇಲ್ಲವಾದರೆ ಫಲಿತಾಂಶವನ್ನು ಕಂಡ ಮೇಲೆ ಎಲ್ಲರೂ ಜಾಣರೇ. 'ಒಬ್ಬನ ಅಜಾಗರೂಕತೆ' ಎಂದು ಬರೆದು ಮುಗಿಸುವಂತಿಲ್ಲ. ವಿಚಾರಣೆ ಆರಂಭವಾಗುವುದೇ ಅಲ್ಲಿಂದ. ಅವನು ಏಕೆ ಎಡವಿದ? ಎಡವಿದಾಗ ತಡೆಯುವ ಗೋಡೆ ಏಕಿರಲಿಲ್ಲ? ಗೋಡೆಯಿದ್ದರೆ ಅದು ಏಕೆ ಕುಸಿಯಿತು? ಹೀಗೆ ಕೇಳುತ್ತಾ ಹೋಗಬೇಕು. ಕೊನೆಗೆ ಯಾವ ದುರಸ್ತಿಯನ್ನು ಯಾರು ಯಾವ ದಿನದೊಳಗೆ ಮಾಡಬೇಕೆಂಬ ಪಟ್ಟಿ. ಜೊತೆಗೆ ಒಂದು ಕೈಪಿಡಿ. ಮುಂದೆ ಇದೇ ಗಂಟೆ ಬಾರಿಸಿದಾಗ ಅರೆನಿದ್ದೆಯಲ್ಲಿ ಎದ್ದುಬಂದ ಹೊಸಬನೊಬ್ಬ ಮೊದಲು ಏನು ನೋಡಬೇಕು, ನಂತರ ಏನು ಮಾಡಬೇಕು, ಯಾವುದನ್ನು ಮುಟ್ಟಲೇಬಾರದು, ಯಾರನ್ನು ಎಬ್ಬಿಸಬೇಕು ಎಂಬುದು ಅದರಲ್ಲಿ ಸರಳ ಮಾತುಗಳಲ್ಲಿರುತ್ತದೆ. 2016ರಲ್ಲಿ ಗೂಗಲ್‌ನ ಇಂಜಿನಿಯರರು ತಮ್ಮ ವೃತ್ತಿಯ ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಯಾರನ್ನೂ ದೂಷಿಸದೆ ಇಂತಹ ವರದಿ ಬರೆಯುವ ಸಂಸ್ಕೃತಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ.

ಆ ಹೊಸಬ ಯಾರು? ಬರೆಯುವವನು ಅವನನ್ನು ನೋಡಿಯೇ ಇಲ್ಲ. ಅವನು ಇನ್ನೂ ಕೆಲಸಕ್ಕೆ ಸೇರಿರಲಿಕ್ಕಿಲ್ಲ. ಆದರೂ ಈ ಬರಹದ ಮೇಲೆ ಅವನಿಗೆ ಹಕ್ಕಿದೆ. ತಾಯಿಯ ಪ್ರಶ್ನೆಗೆ ಮೊದಲ ಉತ್ತರ ಇದು. ನಮ್ಮ ಕಣ್ಣಿಗೆ ಕಾಣದ, ನಮ್ಮ ನಂತರ ಅದೇ ದಾರಿಯಲ್ಲಿ ನಡೆಯುವ ಮನುಷ್ಯನಿಗೆ ನಾವು ಸಲ್ಲಿಸಬೇಕಾದ ಸಾಲ ಅದು.

ಒಂದು ರಾತ್ರಿಯ ಕಥೆ

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಕಂಪೆನಿಯಲ್ಲಿ ನಡೆದುದನ್ನು ಕೇಳಿ. ಲಕ್ಷಾಂತರ ಜನರು ತಮ್ಮ ಕೆಲಸವನ್ನು ಇಡುವ ತಾಣ ಅದು. ದಿನವಿಡೀ ಒಂದಲ್ಲ ಒಂದು ತೊಂದರೆಯೊಂದಿಗೆ ಹೋರಾಡಿ ದಣಿದಿದ್ದ ಇಂಜಿನಿಯರನೊಬ್ಬ ರಾತ್ರಿ ಹನ್ನೊಂದರ ಸುಮಾರಿಗೆ ನಕಲು ಯಂತ್ರದಲ್ಲಿದ್ದ ದತ್ತಾಂಶವನ್ನು ಅಳಿಸಲು ಹೊರಟ. ಆದರೆ ಆಜ್ಞೆ ಕೊಟ್ಟದ್ದು ಅಸಲು ಯಂತ್ರಕ್ಕೆ. ಒಂದೆರಡು ಕ್ಷಣಗಳಲ್ಲಿ ತಪ್ಪು ಅರಿವಾಗಿ ತಡೆದ. ಅಷ್ಟರಲ್ಲಿ ಸುಮಾರು 300 ಜಿಬಿ ದತ್ತಾಂಶದಲ್ಲಿ ಉಳಿದಿದ್ದು ನಾಲ್ಕೂವರೆ ಜಿಬಿ ಮಾತ್ರ.

ಬ್ಯಾಕಪ್ ಇರಲಿಲ್ಲವೇ? ಒಂದಲ್ಲ, ಹಲವು ಏರ್ಪಾಡುಗಳಿದ್ದವು. ಹುಡುಕಿದರೆ ಮುಖ್ಯವಾದ ಬ್ಯಾಕಪ್ಪುಗಳು ಆಗುತ್ತಲೇ ಇರಲಿಲ್ಲವೆಂದು ತಿಳಿಯಿತು. ಅದು ಆಗುತ್ತಿಲ್ಲವೆಂದು ಎಚ್ಚರಿಸುವ ಇಮೇಲ್‌ಗಳು ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟವಶಾತ್ ಅದೇ ಇಂಜಿನಿಯರ್ ಬೇರೊಂದು ಪ್ರಯೋಗಕ್ಕಾಗಿ ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿ ಉಳಿದಿತ್ತು. ಅದರಿಂದಲೇ ಎಲ್ಲವನ್ನೂ ಪುನಃ ನಿಲ್ಲಿಸಿದರು. ಆದರೆ ಆ ಆರು ಗಂಟೆಗಳ ಅವಧಿಯಲ್ಲಿ ಜನರು ಸೇರಿಸಿದ ಸುಮಾರು 5,000 ಪ್ರಾಜೆಕ್ಟ್‌ಗಳ ಮಾಹಿತಿ ಹೋಗಿಯೇ ಹೋಯಿತು.

ಇಂತಹ ಸಂದರ್ಭದಲ್ಲಿ ಕಂಪೆನಿಗಳು ಸಾಮಾನ್ಯವಾಗಿ ಏನು ಮಾಡುತ್ತವೆ? 'ತಾಂತ್ರಿಕ ಅಡಚಣೆ, ಕ್ಷಮಿಸಿ' ಎಂಬ ಎರಡು ಸಾಲು ಬರೆದು ಬಾಗಿಲು ಮುಚ್ಚುತ್ತವೆ. ಇವರು ಹಾಗೆ ಮಾಡಲಿಲ್ಲ. ದುರಸ್ತಿ ನಡೆಯುತ್ತಿರುವಾಗಲೇ ತಮ್ಮ ಟಿಪ್ಪಣಿಗಳನ್ನು ಎಲ್ಲರೂ ಓದುವಂತೆ ತೆರೆದಿಟ್ಟರು. ಬ್ಯಾಕಪ್ಪುಗಳ ನಾಚಿಕೆಗೇಡಿನ ಸ್ಥಿತಿಯನ್ನೂ ಬರೆದರು. ಕೆಲವು ದಿನಗಳ ನಂತರ ವಿವರವಾದ ವರದಿ ಪ್ರಕಟಿಸಿದರು. ಆ ವರದಿಯಲ್ಲಿ ಇಂಜಿನಿಯರನ ಹೆಸರಿಲ್ಲ. 'ತಂಡದ ಸದಸ್ಯ 1' ಎಂದಷ್ಟೇ ಇದೆ. ಅವನು ಮಾಡಿದ್ದನ್ನು ಮುಚ್ಚಲಿಲ್ಲ, ಅವನನ್ನು ಮಾತ್ರ ಮುಚ್ಚಿದರು.

ಮುಚ್ಚುವುದೇ, ತೆರೆಯುವುದೇ?

ಇಲ್ಲಿ ನಮ್ಮ ಓದುಗರ ಮನದಲ್ಲಿ ಒಂದು ಸಂದೇಹ ಏಳುವುದು ಸಹಜ. ಸಹೋದರನ ಕೊರತೆಯನ್ನು ಮುಚ್ಚಿದವನ ಕೊರತೆಯನ್ನು ಅಂತ್ಯದಿನದಂದು ಅಲ್ಲಾಹನು ಮುಚ್ಚುವನೆಂದು ಪ್ರವಾದಿವರ್ಯರು(ಸ) ಕಲಿಸಿರುವರು. ಪರದೂಷಣೆಯು ಮಹಾಪಾಪವೆಂಬುದನ್ನು ಎಲ್ಲರೂ ಬಲ್ಲರು. ಹೀಗಿರುವಾಗ ತಪ್ಪುಗಳನ್ನು ಕಾಗದದ ಮೇಲಿಟ್ಟು ಹತ್ತು ಜನರಿಗೆ ಹಂಚುವುದು ಸರಿಯೇ?

ಇದಕ್ಕೆ ಉತ್ತರವನ್ನು ಮದೀನಾದ ಮಾರುಕಟ್ಟೆಯಲ್ಲಿ ಹುಡುಕಿ. ಪ್ರವಾದಿವರ್ಯರು(ಸ) ಒಮ್ಮೆ ಧಾನ್ಯದ ರಾಶಿಯೊಂದರ ಬಳಿ ನಿಂತು ಅದರೊಳಗೆ ಕೈ ಹಾಕಿದರು. ಬೆರಳುಗಳಿಗೆ ತೇವ ತಗಲಿತು. ಇದೇನೆಂದು ವಿಚಾರಿಸಿದಾಗ, ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ಹಾಗಾದರೆ ಜನರ ಕಣ್ಣಿಗೆ ಬೀಳುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿದರು. ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು.

ರೋಣ, ನರಗುಂದದ ಎರೆಭೂಮಿಯ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲೆ ರಾಶಿ ಮಾಡುವ ದಿನ ಅಕಾಲಿಕ ಮಳೆ ಬಂದರೆ ಏನಾಗುತ್ತದೆಂದು ಅವರು ಬಲ್ಲರು. ಮಳೆ ಬಂದದ್ದು ರೈತನ ಪಾಪವಲ್ಲ. ಕಾಳು ನೆನೆದದ್ದೂ ಅವನ ಪಾಪವಲ್ಲ. ಆದರೆ ನೆನೆದ ಕಾಳನ್ನು ಚೀಲದ ತಳಕ್ಕೆ ಸುರಿದು ಒಣಕಾಳನ್ನು ಮೇಲೆ ಹರಡಿದರೆ ಅಲ್ಲಿಂದ ಪಾಪ ಆರಂಭವಾಗುತ್ತದೆ. ಒಳಗೆ ಉಳಿದ ತೇವ ಸುಮ್ಮನಿರುವುದಿಲ್ಲ. ಬೂಷ್ಟು ಹಿಡಿದು ಇಡೀ ಚೀಲವನ್ನು ಕೆಡಿಸುತ್ತದೆ. ಪ್ರವಾದಿವರ್ಯರು(ಸ) ಮಳೆಯ ಬಗ್ಗೆ ಆ ವ್ಯಾಪಾರಿಯನ್ನು ಗದರಿಸಲಿಲ್ಲ, ಬಚ್ಚಿಟ್ಟದ್ದನ್ನು ಆಕ್ಷೇಪಿಸಿದರು ಎಂಬುದನ್ನು ಗಮನಿಸಿ.

ಆದ್ದರಿಂದ ಇವೆರಡು ಬೋಧನೆಗಳ ನಡುವೆ ವಿರೋಧವಿಲ್ಲ. ಮುಚ್ಚಬೇಕಾದುದು ಮನುಷ್ಯನ ಮಾನ. ತೆರೆಯಬೇಕಾದುದು ಇತರರಿಗೆ ಹಾನಿ ಮಾಡಬಲ್ಲ ಸಂಗತಿ. ಜನರನ್ನು ಹಾನಿಯಿಂದ ಎಚ್ಚರಿಸಲಿಕ್ಕಾಗಿ ಅಗತ್ಯವಿದ್ದಷ್ಟು ಹೇಳುವುದನ್ನು ಇಮಾಮ್ ನವವಿಯವರು(ರ) ಪರದೂಷಣೆಯ ನಿಷೇಧದಿಂದ ಹೊರತಾದ ಆರು ಸಂದರ್ಭಗಳಲ್ಲಿ ಒಂದಾಗಿ ಎಣಿಸಿದ್ದಾರೆ. 'ಅಗತ್ಯವಿದ್ದಷ್ಟು' ಎಂಬ ಅಳತೆಯನ್ನು ಕೈಬಿಡಬಾರದು. ಕೃತ್ಯವನ್ನು ಬರೆಯಿರಿ, ಗಂಟೆಯನ್ನು ಬರೆಯಿರಿ, ಕಾರಣವನ್ನು ಬರೆಯಿರಿ. ಹೆಸರಿನಿಂದ ಯಾರಿಗೂ ಪ್ರಯೋಜನವಿಲ್ಲವಾದರೆ ಅದನ್ನು ಬಿಟ್ಟುಬಿಡಿ.

ಬರೆದವನಿಗೆ ಹಾನಿಯಾಗಬಾರದು

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದರ ಕುರಿತಾಗಿದೆ ಎಂದು ನಿಮ್ಮ ಮಕ್ಕಳನ್ನು ಕೇಳಿ ನೋಡಿ. ನಮಾಝಿನ ಕುರಿತಲ್ಲ, ಉಪವಾಸದ ಕುರಿತೂ ಅಲ್ಲ. ಅಲ್‌ಬಕರ ಅಧ್ಯಾಯದ 282ನೆಯ ಆ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಅದರ ನಿಯಮಗಳನ್ನು ಒಂದೊಂದಾಗಿ ನೋಡಿದರೆ ನಮ್ಮ ವಿಷಯಕ್ಕೆ ಆಶ್ಚರ್ಯಕರವಾಗಿ ಬೆಳಕು ಬೀಳುತ್ತದೆ.

ಮೊದಲನೆಯದಾಗಿ, ಹೇಳಿ ಬರೆಸುವ ಹೊಣೆಯನ್ನು ಅದು ಸಾಲ ಕೊಟ್ಟವನಿಗಲ್ಲ, ಸಾಲ ಪಡೆದವನಿಗೆ ಒಪ್ಪಿಸುತ್ತದೆ. ಯಾರ ಮೇಲೆ ಹೊಣೆಯಿದೆಯೋ ಅವನ ಬಾಯಿಂದಲೇ ಸತ್ಯ ಬರಬೇಕು. ಅವಘಡದ ದಾಖಲೆಗೂ ಈ ನ್ಯಾಯ ಒಪ್ಪುತ್ತದೆ. ಯಾರ ಕೈಯಿಂದ ಕೆಲಸ ಕೆಟ್ಟಿತೋ ಅವನಷ್ಟು ಚೆನ್ನಾಗಿ ಅದನ್ನು ಬಲ್ಲವರು ಬೇರೆ ಯಾರೂ ಇಲ್ಲ. ಎರಡನೆಯದಾಗಿ, ಅವನು ದೇವನನ್ನು ಭಯಪಟ್ಟು ಅದರಲ್ಲಿ ಏನನ್ನೂ ಕಡಿಮೆ ಮಾಡಬಾರದು. ಮೂರನೆಯದಾಗಿ, ವಿಷಯ ಚಿಕ್ಕದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದು. ಇಂದು ಐದು ನಿಮಿಷದಲ್ಲಿ ಸರಿಹೋದ ಚಿಕ್ಕ ದೋಷವೇ ನಾಳಿನ ದೊಡ್ಡ ಅನಾಹುತದ ಮುನ್ಸೂಚನೆಯಾಗಿರುತ್ತದೆ. ಅದನ್ನು ಯಾರೂ ಬರೆಯುವುದಿಲ್ಲ, ಏಕೆಂದರೆ ಯಾರಿಗೂ ನೋವಾಗಿರುವುದಿಲ್ಲ.

ನಾಲ್ಕನೆಯ ನಿಯಮವನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಬರೆದವನಿಗಾಗಲಿ, ಸಾಕ್ಷಿ ನುಡಿದವನಿಗಾಗಲಿ ಹಾನಿ ಮಾಡಬಾರದೆಂದು ಅದೇ ಸೂಕ್ತ ವಿಧಿಸುತ್ತದೆ. ಸತ್ಯವನ್ನು ಬರೆಯೆಂದು ಹೇಳಿ, ಬರೆದ ಮೇಲೆ ಅದೇ ಕಾಗದವನ್ನು ಅವನ ಕೊರಳಿಗೆ ಹಗ್ಗವಾಗಿ ಮಾಡಿದರೆ ಅದು ದೇವಾಜ್ಞೆಯ ಉಲ್ಲಂಘನೆ. ಅದು ಮೂರ್ಖತನವೂ ಹೌದು. ಒಬ್ಬನನ್ನು ಹಾಗೆ ಶಿಕ್ಷಿಸಿದರೆ ಮಿಕ್ಕ ಒಂಬತ್ತು ಮಂದಿ ಆ ದಿನವೇ ಬರೆಯುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಆ ಸಂಸ್ಥೆಯಲ್ಲಿ ತಪ್ಪುಗಳು ನಡೆಯುತ್ತಲೇ ಇರುತ್ತವೆ. ಒಡೆಯನಿಗೆ ಮಾತ್ರ ಅವು ಕಾಣುವುದಿಲ್ಲ.

ಉಹುದ್‌ನ ಪಾಠ

ಕ್ರಿ.ಶ. 625ರಲ್ಲಿ ಉಹುದ್‌ನಲ್ಲಿ ಏನಾಯಿತೆಂಬುದು ನಿಮಗೆ ತಿಳಿದಿದೆ. ಗುಡ್ಡದ ಮೇಲೆ ಐವತ್ತು ಬಿಲ್ಲುಗಾರರನ್ನು ನಿಲ್ಲಿಸಿ, ಏನೇ ಆದರೂ ಕದಲಬಾರದೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದರು. ಜಯ ಬಂದಿತೆಂದು ಭಾವಿಸಿ ಹೆಚ್ಚಿನವರು ಕೆಳಗಿಳಿದರು. ಎಪ್ಪತ್ತರಷ್ಟು ಮಂದಿ ಹುತಾತ್ಮರಾದರು. ಪ್ರವಾದಿವರ್ಯರ(ಸ) ಚಿಕ್ಕಪ್ಪ ಹಂಝಾ(ರ) ಅವರಲ್ಲೊಬ್ಬರು.

ಈ ಸೋಲನ್ನು ಕುರ್‌ಆನ್ ಮುಚ್ಚಲಿಲ್ಲ. ಆಲಿಇಮ್ರಾನ್ ಅಧ್ಯಾಯವು ಅದನ್ನು ಬಿಡಿಸಿ ಪರಿಶೀಲಿಸುತ್ತದೆ. ಎದೆಗುಂದಿದ್ದು, ಆಜ್ಞೆಯ ವಿಷಯದಲ್ಲಿ ಭಿನ್ನಮತ ಉಂಟಾದದ್ದು, ಪ್ರಿಯವಾದುದು ಕಣ್ಣಿಗೆ ಬಿದ್ದ ಮೇಲೆ ಆಜ್ಞೆ ಮೀರಿದ್ದು ಹೀಗೆ ಕಾರಣಗಳನ್ನು ಹೇಳುತ್ತದೆ. ಹದಿನಾಲ್ಕು ಶತಮಾನಗಳಿಂದ ಕೋಟ್ಯಂತರ ಜನ ಅದನ್ನು ಓದುತ್ತಿದ್ದಾರೆ. ಆದರೆ ಗುಡ್ಡ ಬಿಟ್ಟು ಇಳಿದ ಒಬ್ಬನ ಹೆಸರೂ ಅಲ್ಲಿಲ್ಲ. ಅಲ್ಲಾಹನು ಅವರನ್ನು ಕ್ಷಮಿಸಿರುವನೆಂಬ ಘೋಷಣೆಯಿದೆ. ಅವರೊಂದಿಗೆ ಮೃದುವಾಗಿರಲು, ಅವರನ್ನು ಕ್ಷಮಿಸಲು ಮತ್ತು ಮುಂದಿನ ಕಾರ್ಯಗಳಲ್ಲಿ ಅವರೊಂದಿಗೆ ಸಮಾಲೋಚಿಸಲು ಪ್ರವಾದಿವರ್ಯರಿಗೆ(ಸ) ನಿರ್ದೇಶವಿದೆ.

ಕೊನೆಯ ಮಾತು ಬಹಳ ಗಂಭೀರವಾದುದು. ತಪ್ಪು ಮಾಡಿದವರನ್ನು ಕ್ಷಮಿಸಿ ಮೂಲೆಯಲ್ಲಿ ಕೂರಿಸಲಿಲ್ಲ. ಪುನಃ ಸಲಹೆಗಾಗಿ ಕರೆಯಲಾಯಿತು. ಅಂದು ಎಡವಿದವನಿಗೇ ಎಡವಿದ ಜಾಗ ಚೆನ್ನಾಗಿ ಗೊತ್ತಿರುತ್ತದೆ. ಅವನನ್ನು ಕಳಕೊಂಡ ತಂಡ ಆ ಪಾಠವನ್ನೂ ಕಳಕೊಳ್ಳುತ್ತದೆ.

ಕ್ಷಮೆಗೂ ಎಲ್ಲೆಯುಂಟು

ಹಾಗೆಂದ ಮಾತ್ರಕ್ಕೆ ಎಲ್ಲವನ್ನೂ 'ವ್ಯವಸ್ಥೆಯ ದೋಷ' ಎಂದು ಹೇಳಿ ಎಲ್ಲರೂ ಕೈತೊಳೆದುಕೊಳ್ಳಬಹುದೇ? ಖಂಡಿತ ಇಲ್ಲ. ದಣಿದ ಕೈ ತಪ್ಪಿದ್ದು ಬೇರೆ, ಅಪಾಯವೆಂದು ತಿಳಿದೂ ಉಡಾಫೆಯಿಂದ ನಡೆದದ್ದು ಬೇರೆ, ಉದ್ದೇಶಪೂರ್ವಕವಾಗಿ ಕೆಡಿಸಿದ್ದು ಅಥವಾ ದಾಖಲೆಯನ್ನೇ ತಿದ್ದಿದ್ದು ಬೇರೆ. ಮೊದಲನೆಯವನಿಗೆ ಸಾಂತ್ವನ ಬೇಕು, ಎರಡನೆಯವನಿಗೆ ಎಚ್ಚರಿಕೆ ಬೇಕು, ಮೂರನೆಯವನಿಗೆ ಶಿಕ್ಷೆ ಬೇಕು. ಮೂವರನ್ನೂ ಒಂದೇ ಕೋಲಿನಿಂದ ಹೊಡೆಯುವುದು ಅನ್ಯಾಯ, ಮೂವರನ್ನೂ ಒಂದೇ ರೀತಿ ಬೆನ್ನು ತಟ್ಟುವುದೂ ಅನ್ಯಾಯ.

ಇನ್ನೊಂದು ಅಂಶವಿದೆ. ಕೈತಪ್ಪಿ ನಡೆದ ಕೊಲೆಗೂ ಉದ್ದೇಶಪೂರ್ವಕ ಕೊಲೆಗೂ ಇಸ್ಲಾಮ್ ಸ್ಪಷ್ಟ ವ್ಯತ್ಯಾಸ ಮಾಡಿದೆ. ಆದರೆ ಕೈತಪ್ಪಿ ನಡೆದಾಗಲೂ ಸತ್ತವನ ಕುಟುಂಬಕ್ಕೆ ಪರಿಹಾರ ಸಲ್ಲಬೇಕೆಂದು ಅದು ವಿಧಿಸಿದೆ. ಅಂದರೆ, ಮಾಡಿದವನು ಅಪರಾಧಿಯಲ್ಲ ಎಂಬುದರಿಂದ ನೊಂದವನ ಹಕ್ಕು ಇಲ್ಲವಾಗುವುದಿಲ್ಲ. 'ನಾವು ಯಾರನ್ನೂ ದೂಷಿಸುವುದಿಲ್ಲ' ಎಂದು ಹೆಮ್ಮೆಪಡುವ ಸಂಸ್ಥೆಗಳು ನೊಂದ ಗ್ರಾಹಕನ ಲೆಕ್ಕವನ್ನೂ ಚುಕ್ತಾ ಮಾಡಬೇಕು.

ಕರ್ನಾಟಕದ ಮುಸ್ಲಿಮರು 2010ರ ಮೇ 22ನ್ನು ಮರೆಯಲಾರರು. ಅಂದು ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗುರುಳಿತು. 166 ಮಂದಿಯಲ್ಲಿ 158 ಮಂದಿ ಅಸುನೀಗಿದರು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಎಷ್ಟೋ ಮನೆಗಳ ದೀಪ ಆರಿತು. ಸರಕಾರ ನೇಮಿಸಿದ ತನಿಖೆಯು ವಿಮಾನದ ಧ್ವನಿಮುದ್ರಣವನ್ನು ಕೇಳಿ ಕಂಡುಕೊಂಡದ್ದನ್ನು ದಾಖಲಿಸಿತು. ಹಿರಿಯ ಪೈಲಟ್ ಪ್ರಯಾಣದ ಬಹುಭಾಗ ನಿದ್ರಿಸಿದ್ದರು. ಇಳಿಯುವ ಹೊತ್ತಿಗೆ ವಿಮಾನ ಇರಬೇಕಾದ ಎತ್ತರಕ್ಕಿಂತ ಮೇಲಿತ್ತು. ಇಳಿಸಬೇಡಿ, ಪುನಃ ಸುತ್ತು ಹಾಕೋಣವೆಂದು ಕಿರಿಯ ಪೈಲಟ್ ಮೂರು ಬಾರಿ ಸೂಚಿಸಿದ್ದರು. ಆ ಸೂಚನೆ ಪಾಲನೆಯಾಗಲಿಲ್ಲ.

ಈ ಸಾಲುಗಳನ್ನು ಓದುವುದು ಕಷ್ಟ. ಆದರೆ ಬರೆಯದಿದ್ದರೆ ಏನಾಗುತ್ತಿತ್ತು? ಕಿರಿಯನ ಆ ಮೂರು ಕೂಗುಗಳೂ ಕಣಿವೆಯಲ್ಲೇ ಸುಟ್ಟುಹೋಗುತ್ತಿದ್ದವು. ವಿಮಾನಾಪಘಾತಗಳ ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ದೋಷ ಹೊರಿಸುವುದಲ್ಲವೆಂದು ಅಂತಾರಾಷ್ಟ್ರೀಯ ನಿಯಮವೇ ಹೇಳುತ್ತದೆ. ಅದೇ ಸಮಯ ಮೃತರ ಕುಟುಂಬಗಳ ಪರಿಹಾರದ ಹಕ್ಕು ಬೇರೆಯಾಗಿಯೇ ಉಳಿಯುತ್ತದೆ. ಸಾಫ್ಟ್‌ವೇರ್ ತಂಡಗಳು ತಮ್ಮ ಪದ್ಧತಿಯಲ್ಲಿ ಬಹಳಷ್ಟನ್ನು ಕಲಿತದ್ದು ಇಂತಹ ಕ್ಷೇತ್ರಗಳಿಂದಲೇ.

ನಮ್ಮ ಹೊಳೆ, ನಮ್ಮ ಮೊಹಲ್ಲಾ

ಇದೆಲ್ಲ ಬೆಂಗಳೂರಿನವರಿಗೆ, ನಮಗೇನು ಎಂದು ಭಾವಿಸಬೇಡಿ. ಮಲಪ್ರಭೆಯ ದಂಡೆಯವರನ್ನು ಕೇಳಿ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಮಳೆಗೆ ಹೊಳೆ ಉಕ್ಕಿತು. ಬಳಿಕ 'ಆಸರೆ' ಯೋಜನೆಯಲ್ಲಿ ಹೊಸ ಮನೆಗಳನ್ನು ಕಟ್ಟಿಸಲಾಯಿತು. ಹತ್ತು ವರ್ಷಗಳ ನಂತರ, 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟಾಗ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರಗಳಿಗೂ ರೋಣ ತಾಲೂಕಿನ ಹೊಳೆಆಲೂರಿನ ಸುತ್ತಲಿನ ಊರುಗಳಿಗೂ ಮತ್ತೆ ನೀರು ನುಗ್ಗಿತು. ಬೆಣ್ಣೆಹಳ್ಳವೂ ತುಂಬಿ ಬಂದರೆ ಆ ಭಾಗದ ಪಾಡು ಹೇಳತೀರದು.

ಈಗ ನಿಮ್ಮನ್ನೇ ಕೇಳಿಕೊಳ್ಳಿ. 2009ರಲ್ಲಿ ನಿಮ್ಮ ಓಣಿಗೆ ನೀರು ಯಾವ ಕಡೆಯಿಂದ, ಎಷ್ಟು ಗಂಟೆಗೆ ಬಂತು? ಎಚ್ಚರಿಕೆ ಯಾರ ಮೂಲಕ ತಲುಪಿತು, ಯಾರಿಗೆ ತಲುಪಲಿಲ್ಲ? ನಡೆಯಲಾಗದ ವೃದ್ಧರನ್ನು ಯಾರು ಹೊತ್ತು ತಂದರು? ಯಾವ ದಾರಿ ಮೊದಲು ಮುಳುಗಿತು? ಎಲ್ಲಿ ಎಡವಿದಿರಿ? ಇದನ್ನೆಲ್ಲ ಕಂಡ ಹಿರಿಯರು ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ. ಅವರೊಂದಿಗೆ ಆ ಜ್ಞಾನವೂ ಮಣ್ಣು ಸೇರುತ್ತಿದೆ. ಮಸೀದಿಯ ಕಪಾಟಿನಲ್ಲಿ ಚಂದಾದ ಲೆಕ್ಕಪುಸ್ತಕವಿರುತ್ತದೆ. ಅದರ ಪಕ್ಕದಲ್ಲಿ ಇಂತಹ ಒಂದು ಪುಸ್ತಕವೂ ಇರಬಾರದೇ? ಮದ್ರಸದಲ್ಲಿ ಮಗು ಬಿದ್ದದ್ದು, ಮದುವೆಯ ಅಡುಗೆಮನೆಯಲ್ಲಿ ಬೆಂಕಿ ತಗಲಿದ್ದು, ಮೆರವಣಿಗೆಯ ದಿನ ವಿದ್ಯುತ್ ತಂತಿ ತಾಗಲಿದ್ದದ್ದು ಇವೆಲ್ಲ ಅದರಲ್ಲಿ ಬರಲಿ. ಐದು ಸಾಲು ಸಾಕು. ಏನಾಯಿತು, ಯಾವಾಗ ತಿಳಿಯಿತು, ಏನು ಮಾಡಿದೆವು, ಯಾಕಾಯಿತು, ಇನ್ನು ಮುಂದೆ ಯಾರು ಏನನ್ನು ಯಾವ ದಿನದೊಳಗೆ ಸರಿಪಡಿಸಬೇಕು.

ಐದನೆಯ ಸಾಲು ಇಲ್ಲದಿದ್ದರೆ ಮೊದಲ ನಾಲ್ಕು ವ್ಯರ್ಥ. ಬರೆದು ಕಪಾಟಿನಲ್ಲಿಟ್ಟು ಮರೆತ ವರದಿಯು ಪಶ್ಚಾತ್ತಾಪ ಪಟ್ಟೆನೆಂದು ಹೇಳಿ ಅದೇ ಪಾಪಕ್ಕೆ ಮರಳುವವನ ತೌಬಾದಂತೆ. ತೌಬಾದಲ್ಲಿ ಒಪ್ಪಿಕೊಳ್ಳುವಿಕೆ, ಖೇದ, ಮತ್ತೆ ಮಾಡೆನೆಂಬ ದೃಢಸಂಕಲ್ಪ, ನೊಂದವನ ಹಕ್ಕನ್ನು ಮರಳಿಸುವಿಕೆ ಎಲ್ಲವೂ ಸೇರಿವೆ. ಒಳ್ಳೆಯ ವರದಿಯಲ್ಲೂ ಇವೆಲ್ಲ ಸೇರಿರಬೇಕು.

ಮನೆಯಿಂದಲೇ ಆರಂಭ

ಗಜೇಂದ್ರಗಡದ ಆ ಮನೆಗೆ ಮರಳೋಣ. ತಾಯಿಯ ಪ್ರಶ್ನೆಗೆ ಮಗ ಇನ್ನೂ ಉತ್ತರ ಕೊಟ್ಟಿಲ್ಲ. ವಾಸ್ತವದಲ್ಲಿ ಆ ಉತ್ತರ ಎಷ್ಟೋ ವರ್ಷಗಳ ಹಿಂದೆ ಅದೇ ಮನೆಯಲ್ಲಿ ನಿರ್ಧಾರವಾಗಿತ್ತು. ಅವನು ಏಳು ವರ್ಷದವನಿದ್ದಾಗ ಅವನ ಕೈಯಿಂದ ಹಾಲಿನ ಪಾತ್ರೆ ಬಿದ್ದಿತ್ತು. ಅಂದು ಅವನ ತಂದೆ ಏನೆಂದರು? 'ಯಾರು ಬೀಳಿಸಿದ್ದು?' ಎಂದು ಗರ್ಜಿಸಿದರೇ? ಹಾಗಾಗಿದ್ದರೆ ಅವನು ಅಂದೇ ಬೆಕ್ಕಿನ ಮೇಲೆ ಹೊರಿಸಲು ಕಲಿತಿರುತ್ತಾನೆ. ಇಂದು ರಾತ್ರಿ ಬೆಕ್ಕಿನ ಜಾಗದಲ್ಲಿ ಇನ್ನಾರೋ ಸಹೋದ್ಯೋಗಿ ಇರುತ್ತಾನೆ. ಅಥವಾ 'ಹೇಗೆ ಬಿತ್ತು ಮಗನೇ?' ಎಂದು ಕೇಳಿ, ಪಾತ್ರೆಯನ್ನು ಅಂಚಿನಿಂದ ಒಳಕ್ಕೆ ಸರಿಸಿ, ಒರೆಸಲು ಬಟ್ಟೆ ಕೊಟ್ಟರೇ? ಹಾಗಾಗಿದ್ದರೆ ಇಂದು ಅವನ ಕೈ ನಡುಗದೆ ಬರೆಯುತ್ತದೆ.

ನಾವು ಮಕ್ಕಳಿಗೆ ಸತ್ಯ ಹೇಳಬೇಕೆಂದು ಬೋಧಿಸುತ್ತೇವೆ. ಸತ್ಯ ಹೇಳಿದ ದಿನ ಹೊಡೆಯುತ್ತೇವೆ. ಆಮೇಲೆ ಸಮಾಜದಲ್ಲಿ ಸತ್ಯವಿಲ್ಲವೆಂದು ಹಲುಬುತ್ತೇವೆ. ಸತ್ಯ ಬೇಕೆನ್ನುವವರು ಸತ್ಯ ನುಡಿದವನಿಗೆ ಆಸರೆಯನ್ನೂ ಕೊಡಬೇಕು. ಕರುಣೆಯಿಲ್ಲದ ಮನೆಯಲ್ಲಿ ಸತ್ಯ ಬಚ್ಚಿಟ್ಟುಕೊಳ್ಳುತ್ತದೆ, ಸತ್ಯವಿಲ್ಲದ ಮನೆಯಲ್ಲಿ ಕರುಣೆಯು ಸೋಮಾರಿಯಾಗುತ್ತದೆ.

ನಾವು ಬರೆದರೂ ಬರೆಯದಿದ್ದರೂ ನಮ್ಮ ಕುರಿತು ಬೇರೊಂದು ದಾಖಲೆ ಸಿದ್ಧವಾಗುತ್ತಿದೆ. ಚಿಕ್ಕದನ್ನಾಗಲಿ ದೊಡ್ಡದನ್ನಾಗಲಿ ಅದು ಬಿಡುವುದಿಲ್ಲವೆಂದು ನಾವು ವಿಶ್ವಾಸವಿಟ್ಟಿದ್ದೇವೆ. ಅದನ್ನು ಕೈಗೆ ಪಡೆಯುವ ದಿನಕ್ಕೆ ಮುಂಚೆ, ಇಲ್ಲಿಯೇ, ನಮ್ಮ ಕೈಯಾರೆ ಒಂದಿಷ್ಟು ಪುಟಗಳನ್ನು ಪ್ರಾಮಾಣಿಕವಾಗಿ ಬರೆಯುವ ಅವಕಾಶ ನಮಗಿದೆ.

ಆದ್ದರಿಂದ ನಿಮ್ಮ ಮಗ ಅಥವಾ ಮಗಳು ನಡುರಾತ್ರಿ ಎದ್ದು ತನ್ನ ತಪ್ಪನ್ನು ಬರೆಯುತ್ತಿರುವುದನ್ನು ಕಂಡರೆ ಹೆದರಬೇಡಿ. ಒಂದು ಲೋಟ ಚಹಾ ಮಾಡಿಕೊಡಿ. ಪಕ್ಕದಲ್ಲಿ ಕುಳಿತು, ಏನನ್ನೂ ಬಿಡಬೇಡ, ಎಲ್ಲವನ್ನೂ ಬರೆ ಎಂದು ಹೇಳಿ. ನೆನೆದ ಕಾಳು ಮೇಲಿರಲಿ. ಬಿಸಿಲು ತಾಗಿದರೆ ಅದು ಒಣಗಬಲ್ಲದು.